ನಾಯಿಮರಿಗೂ ಇರಲಿ ಒಂದು ತವರಮನಿ

ಹಾವೇರಿ ಸೀಮೆಯ ರೈತ ಹೋರಿ ಕೊಳ್ಳಲು ಹೊರಟನೆಂದರೆ ಒಬ್ಬನೇ ಹೊರಡುವುದಿಲ್ಲ. ತಿಳಿದವರು ನಾಲ್ಕು ಮಂದಿ ಜೊತೆಗೆ ಬೇಕು. ಒಬ್ಬ ಬಾಯಿ ಅಗಲಿಸಿ ಹಲ್ಲು ನೋಡುತ್ತಾನೆ. ಇನ್ನೊಬ್ಬ ಬೆನ್ನ ಮೇಲಿನ ಸುಳಿ ಹುಡುಕುತ್ತಾನೆ. ಮತ್ತೊಬ್ಬ ದೂರ ನಿಂತು ನಡಿಗೆ ನೋಡುತ್ತಾನೆ. ನಾಲ್ಕನೆಯವನು ಮುಟ್ಟುವುದೂ ಇಲ್ಲ, ಬಗ್ಗುವುದೂ ಇಲ್ಲ. ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಸಾವಕಾಶವಾಗಿ ಒಂದು ಮಾತು ಕೇಳುತ್ತಾನೆ: "ಇದರ ತಾಯಿ ಯಾರ ಮನಿಯಾಗಿತ್ತು?" ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಬರಲಿಲ್ಲವೋ, ವ್ಯಾಪಾರ ಅಲ್ಲಿಗೇ ಮುರಿಯಿತು.

ಹೋರಿಯೆಂದರೆ ನಮಗೆ ಅಷ್ಟು ಅಭಿಮಾನ. ದೀಪಾವಳಿಯ ಆಸುಪಾಸಿನಲ್ಲಿ ಕೊಬ್ಬರಿ ಹೋರಿ ಓಡಿಸುವ ಅಖಾಡಗಳಿಗೆ ಬಂದು ನೋಡಿ. ಕೊರಳಲ್ಲಿ ಕೊಬ್ಬರಿ ಸರ, ಕೊಂಬಿಗೆ ಬಲೂನು, ಮೈಮೇಲೆ ಝೂಲ, ಸಾಲದ್ದಕ್ಕೆ ಸಿನಿಮಾ ನಾಯಕರೂ ನಾಚುವಂಥ ಒಂದೊಂದು ಬಿರುದು. ಬಂಕಾಪುರದ ಹಳೆಯ ಕೋಟೆಯೊಳಗೆ ಸರ್ಕಾರದವರು ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವನ್ನೇ ಇಟ್ಟಿದ್ದಾರೆ. ಅದೇ ಕೋಟೆಯಲ್ಲಿ ನವಿಲುಧಾಮವೂ ಉಂಟು. ದನವೂ ನವಿಲೂ ಒಂದೇ ಗೋಡೆಯೊಳಗೆ ಜಗಳವಿಲ್ಲದೆ ಬಾಳುವುದನ್ನು ನೋಡಿ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ನಡೆಸುವವರು ಒಂದಿಷ್ಟು ಕಲಿಯಬಹುದು. ಆದರೆ ನಾನು ಹೇಳಹೊರಟದ್ದು ಅದನ್ನಲ್ಲ.

ಹೋರಿಯ ತಾಯಿ ಯಾರ ಮನೆಯಲ್ಲಿತ್ತೆಂದು ಕೇಳುವ ಅದೇ ಹಿರಿಯ, ತನ್ನ ಮನೆಯ ಹೆಣ್ಣು ನಾಯಿ ಬೆದೆಗೆ ಬಂದಾಗ ಏನು ಕೇಳುತ್ತಾನೆ ಗೊತ್ತೆ? ಏನೂ ಕೇಳುವುದಿಲ್ಲ. ನಮ್ಮೂರು ಗಳಗನಾಥದ ಕಟ್ಟೆಯ ಮೇಲೆ ಕೂತರೆ ಇಂಥ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ.

"ಮಾಸ್ತರ, ನಮ್ಮ ಪಿಂಕಿ ಬೆದಿಗೆ ಬಂದೈತ್ರಿ. ಎಲ್ಯರ ಒಂದು ಗಂಡ ನೋಡ್ರೆಲ್ಲ."

"ಎಂಥಾದು ಬೇಕಪಾ?"

"ಎಂಥಾದರ ಆಗವಲ್ದ್ಯಾಕ. ಜಾತಿ ಕೂಡಿದ್ರ ಸಾಕು."

ಜಾತಿ ಕೂಡಿದರೆ ಸಾಕು ಎಂಬ ಮಾತು ನಮ್ಮ ದೇಶದ ಮದುವೆ ಮಾತುಕತೆಗಳಲ್ಲಿ ಹೊಸದೇನಲ್ಲ. ಆದರೂ ಅಲ್ಲಿ ಜಾತಕವೆಂಬ ಒಂದು ಕಾಗದವನ್ನಾದರೂ ಬಿಚ್ಚಿ ನೋಡುತ್ತಾರೆ. ಪಿಂಕಿಯ ಪಾಲಿಗೆ ಅದೂ ಇಲ್ಲ. ರಾಣೆಬೆನ್ನೂರಿನಲ್ಲಿ ಯಾರದೋ ಅಳಿಯನ ಗೆಳೆಯನ ಹತ್ತಿರ ಒಂದು ಲ್ಯಾಬ್ರಡಾರ್ ಇದೆಯಂತೆ, "ಡಬಲ್ ಬೋನ್" ಅಂತೆ. ಈ ಡಬಲ್ ಬೋನ್ ಎಂಬುದನ್ನು ನಮ್ಮ ದೇಶದ ನಾಯಿ ವ್ಯಾಪಾರಿಗಳು ಕಂಡುಹಿಡಿದರು. ಪಶುವೈದ್ಯಕೀಯದ ಯಾವ ಪುಸ್ತಕದಲ್ಲೂ ಅಂಥ ನಾಯಿ ಇಲ್ಲ. ಮರಿಯ ಕಾಲು ದಪ್ಪ ಕಂಡರೆ ಅದು ಡಬಲ್ ಬೋನು, ಬೆಲೆಯೂ ಡಬಲ್ಲು. ಮೂಳೆ ಮಾತ್ರ ದೇವರು ಕೊಟ್ಟಷ್ಟೇ.

ನಿಜವಾಗಿ ನೋಡಬೇಕಾದ ಮೂಳೆ ಬೇರೆ ಇದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಚಪ್ಪೆಯ ಕೀಲು ಸಡಿಲವಾಗುವ ದೋಷ ವಂಶದಲ್ಲಿ ಇಳಿದು ಬರುತ್ತದೆ. ಎರಡು ವರ್ಷ ತುಂಬಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿದರೆ ಅದು ತಿಳಿಯುತ್ತದೆ. ಬ್ರುಸೆಲ್ಲಾ ಎಂಬ ರೋಗವಿದ್ದರೆ ಗರ್ಭ ನಿಲ್ಲುವುದಿಲ್ಲ, ಮನುಷ್ಯರಿಗೂ ಅಂಟಬಹುದು. ಅದಕ್ಕೆ ರಕ್ತ ಪರೀಕ್ಷೆ ಇದೆ. ಬೀದಿ ಸುತ್ತುವ ಗಂಡು ನಾಯಿಗಳಿಂದ ಕೂಡುವಾಗಲೇ ಹರಡುವ ಒಂದು ಬಗೆಯ ಗಂತಿ ರೋಗ ನಮ್ಮ ಕಡೆ ಬೇಕಾದಷ್ಟಿದೆ. ಹಿಂಭಾಗದಿಂದ ರಕ್ತ ಹನಿಯುವ ನಾಯಿಗಳನ್ನು ನೀವೂ ಕಂಡಿರುತ್ತೀರಿ. ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸ್ವಭಾವ. ಬಂದವರ ಮೇಲೆಲ್ಲ ಹಾರಿ ಕಚ್ಚುವ ನಾಯಿಗೂ ಪಟಾಕಿ ಸದ್ದಿಗೆ ಮಂಚದ ಕೆಳಗೆ ಉಚ್ಚೆ ಹೊಯ್ದುಕೊಳ್ಳುವ ನಾಯಿಗೂ ಹುಟ್ಟಿದ ಮರಿಗಳಿಗೆ ಆ ಗುಣ ಒಂದಿಷ್ಟು ಬರುವುದೇ. ಹೋರಿಯ ಸುಳಿ ನೋಡುವ ಕಣ್ಣಿಗೆ ಇದು ತಿಳಿಯದ ಸಂಗತಿಯಲ್ಲ. ನೋಡುವ ಮನಸ್ಸಿಲ್ಲ, ಅಷ್ಟೆ.

ಮರಿ ಹಾಕಿಸಬೇಕೆನ್ನುವವರು ಕೊಡುವ ಕಾರಣಗಳನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿವೆ. ಮೊದಲನೆಯದು, "ಒಂದ್ಸಲನರ ತಾಯಿ ಆಗಬೇಕ್ರಿ ಅದು. ಇಲ್ಲಂದ್ರ ಪಾಪ ಬರ್ತದ." ಈ ಮಾತಾಡುವಾಗ ಜನರ ಕಣ್ಣು ತೇವವಾಗುತ್ತವೆ, ನಿಜ. ಆದರೆ ನಾಯಿ ತಾಯ್ತನದ ಹಂಬಲದಲ್ಲಿ ಕಿಟಕಿಯ ಹತ್ತಿರ ಕೂತು ನಿಟ್ಟುಸಿರು ಬಿಟ್ಟದ್ದನ್ನು ಯಾರೂ ಕಂಡಿಲ್ಲ. ಒಮ್ಮೆ ಮರಿ ಹಾಕಿದರೆ ಆರೋಗ್ಯ ಚೆನ್ನಾಗಿರುತ್ತದೆ ಎಂಬ ನಂಬಿಕೆಯೂ ಹಾಗೆಯೇ. ಡಾಕ್ಟರರು ಹೇಳುವುದು ಬೇರೆ: ಬೆದೆ ತಪ್ಪಿಸಿ ಚಿಕ್ಕಂದಿನಲ್ಲೇ ಆಪರೇಶನ್ ಮಾಡಿಸಿದ ಹೆಣ್ಣು ನಾಯಿಗೆ ಮೊಲೆಯ ಗಂತಿ ಬರುವ ಸಂಭವ ಬಹಳ ಕಡಿಮೆ, ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಎರವಾಗುವ ರೋಗವಂತೂ ಬರುವುದೇ ಇಲ್ಲ.

ಎರಡನೆಯ ಕಾರಣ, "ಇದರಂಥಾದ ಇನ್ನೊಂದು ಬೇಕ್ರಿ." ಇದಕ್ಕೆ ನಾನು ನಗುವುದಿಲ್ಲ. ಸಾಕಿದ ಜೀವ ಹತ್ತು ಹನ್ನೆರಡು ವರ್ಷಕ್ಕೆ ಹೊರಟುಹೋಗುತ್ತದೆಂಬ ಭಯ ಎಂಥವನಿಗೂ ಇರುತ್ತದೆ. ಆದರೆ ಮಗ ಅಪ್ಪನಂತಿರುವುದು ನಮ್ಮ ಮನೆಗಳಲ್ಲೇ ಎಷ್ಟು ಸಲ ನಡೆದಿದೆ, ಹೇಳಿ.

ಮೂರನೆಯದನ್ನು ಯಾರೂ ಮೊದಲು ಹೇಳುವುದಿಲ್ಲ. ಎರಡು ಸಲ ಚಹಾ ಆದ ಮೇಲೆ ಹೊರಗೆ ಬರುತ್ತದೆ: "ಏಳೆಂಟು ಮರಿ ಹಾಕಿದ್ರ, ತಂದ ರೊಕ್ಕನರ ಬರ್ತಾವಲ್ರಿ?" ಬರುತ್ತವೆಯೇ ನೋಡೋಣ.

ನಾಯಿಯ ಬಸಿರು ಸುಮಾರು 63 ದಿನ. ನಮ್ಮದು ಒಂಬತ್ತು ತಿಂಗಳಾದರೆ ಅದರದು ಒಂಬತ್ತು ವಾರ. ಕಡೆಯ ಮೂರು ವಾರಗಳಲ್ಲಿ ಹೊಟ್ಟೆಯೊಳಗಿನ ಮರಿಗಳು ಬೇಗ ಬೇಗ ಬೆಳೆಯುವುದರಿಂದ ತಾಯಿಗೆ ಹೆಚ್ಚು ಆಹಾರ ಬೇಕು. ಅನ್ನ ಹಾಲು, ಉಳಿದ ರೊಟ್ಟಿ ಸಾಲುವುದಿಲ್ಲ. ಡಾಕ್ಟರು ತತ್ತಿ ಕೊಡಿ ಎನ್ನುತ್ತಾರೆ. ಇಲ್ಲಿಂದ ಮನೆಯೊಳಗೆ ಮಹಾಯುದ್ಧ ಶುರು. ಏಳು ತಲೆಮಾರಿನಿಂದ ತತ್ತಿಯ ಹೆಸರೆತ್ತದ ಮನೆಯ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಡಬ್ಬಿಯಲ್ಲಿ ತತ್ತಿ ಕುದಿಸುವ ಏರ್ಪಾಟಾಗುತ್ತದೆ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಶಿವ ಶಿವಾ ಎನ್ನುತ್ತಾಳೆ. ನಾಲ್ಕು ದಿನ ಬಿಟ್ಟು ಅದೇ ಅಜ್ಜಿ, "ಇವತ್ತ ತತ್ತಿ ಹಾಕಿದ್ರೇನು ಅದಕ್ಕ? ಬಸುರಿ ಐತಿ" ಎಂದು ವಿಚಾರಿಸುತ್ತಾಳೆ. ಮನುಷ್ಯರಿಗಾಗಿ ಮುರಿಯದ ಮಡಿ ನಾಯಿಗಾಗಿ ಮುರಿದದ್ದನ್ನು ನಾನು ಬಲ್ಲೆ. ಮರಿ ಹಾಕಿದ ಮೇಲೆ ಬಾಣಂತಿ ಖಾರವನ್ನೂ ಅಂಟಿನುಂಡಿಯನ್ನೂ ನಾಯಿಗೆ ತಿನ್ನಿಸಲು ಹೊರಡುವುದೂ ಇದೇ ಅಜ್ಜಿ. ಆಗ ಮಾತ್ರ ಕೈ ಹಿಡಿಯಬೇಕು. ಅಂಟಿನುಂಡಿಯಲ್ಲಿ ಒಣದ್ರಾಕ್ಷಿ ಇದ್ದರೆ ಅದು ನಾಯಿಯ ಮೂತ್ರಪಿಂಡವನ್ನೇ ಕೆಡಿಸೀತು.

ಹೆರಿಗೆಗೆ ನಾಯಿ ಆರಿಸಿಕೊಳ್ಳುವುದು ಸಾಮಾನ್ಯವಾಗಿ ರಾತ್ರಿಯ ಹೊತ್ತು. ಮೈಶಾಖ ಒಂದು ಡಿಗ್ರಿಯಷ್ಟು ಇಳಿದರೆ ಒಂದು ದಿನದೊಳಗೆ ಹೆರಿಗೆಯೆಂದು ತಿಳಿಯಬೇಕು. ಅರ್ಧ ತಾಸು ಜೋರಾಗಿ ತಿಣುಕಿದರೂ ಮರಿ ಬರಲಿಲ್ಲ, ಇಲ್ಲವೆ ಒಂದು ಮರಿ ಬಂದು ಎರಡು ತಾಸಾದರೂ ಇನ್ನೊಂದರ ಸುಳಿವಿಲ್ಲ, ಅಂದರೆ ಡಾಕ್ಟರು ಬೇಕು. ಬೇಕು ಸರಿ, ಎಲ್ಲಿಂದ ತರುವುದು? ನಮ್ಮ ಹಳ್ಳಿಗಳಲ್ಲಿ ಇರುವುದು ದನದ ದವಾಖಾನಿ. ಎಮ್ಮೆಯ ಹೊಟ್ಟೆಗೆ ಮೊಣಕೈವರೆಗೆ ಕೈಹಾಕಿ ಅಡ್ಡಗರು ತಿರುಗಿಸಿ ತೆಗೆಯುವ ನಿಪುಣರು ಅಲ್ಲಿದ್ದಾರೆ. ಅವರ ಮೇಲೆ ನನಗೆ ಬಹಳ ಗೌರವ. ಆದರೆ ನಡುರಾತ್ರಿ ಪೊಮೆರೇನಿಯನ್ ನಾಯಿಗೆ ಸಿಜೇರಿಯನ್ ಮಾಡುವ ಟೇಬಲ್ಲು, ದೀಪ, ಅರಿವಳಿಕೆ ಎಲ್ಲ ಬೇಕೆಂದರೆ ದಾವಣಗೆರೆಗೋ ಹುಬ್ಬಳ್ಳಿಗೋ ಗಾಡಿ ಕಟ್ಟಬೇಕು. ಕಾರಿನ ಬಾಡಿಗೆ, ಆಪರೇಶನ್ ಖರ್ಚು ಸೇರಿದರೆ ಎರಡು ಮರಿಯ ರೊಕ್ಕ ಆ ರಾತ್ರಿಯೇ ಕರಗಿತು. ಅಷ್ಟಾದರೂ ತಾಯಿ ಉಳಿದರೆ ಪುಣ್ಯ.

ಹುಟ್ಟಿದ ಮರಿಗೆ ಕಣ್ಣಿಲ್ಲ, ಕಿವಿಯಿಲ್ಲ, ಚಳಿಗೆ ನಡುಗುವ ಶಕ್ತಿಯೂ ಇಲ್ಲ. ತಾಯಿಯ ಮೈಶಾಖವೇ ಅದರ ಹೊದಿಕೆ. ಮೊದಲ ವಾರ ಸುತ್ತಲಿನ ಗಾಳಿ 30 ಡಿಗ್ರಿಯಷ್ಟು ಬೆಚ್ಚಗಿರಬೇಕು. ನಮ್ಮ ಗಳಗನಾಥ ವರದೆ ಬಂದು ತುಂಗಭದ್ರೆಯನ್ನು ಕೂಡುವ ಜಾಗ; ಮಾರ್ಗಶಿರದಲ್ಲಿ ಹೊಳೆಯ ಮೇಲಿಂದ ಬೀಸುವ ಗಾಳಿಗೆ ದೊಡ್ಡವರೇ ಕಂಬಳಿ ಹುಡುಕುತ್ತೇವೆ. ಬುಟ್ಟಿಯ ಮೇಲೆ ಬಲ್ಬು ತೂಗಿಬಿಟ್ಟರೆ ಕರೆಂಟು ಹೋಗುತ್ತದೆ. ಬಾಟಲಿಯಲ್ಲಿ ಬಿಸಿನೀರು ತುಂಬಿ ಅರಿವೆ ಸುತ್ತಿ ಇಟ್ಟರೆ ತಾಸಿಗೊಮ್ಮೆ ಎದ್ದು ಬದಲಿಸಬೇಕು. ಮೊದಲ ದಿನದ ಗಿಣ್ಣಹಾಲು ಪ್ರತಿ ಮರಿಯ ಹೊಟ್ಟೆಗೂ ಬೀಳಲೇಬೇಕು, ರೋಗ ತಡೆಯುವ ಶಕ್ತಿ ಬರುವುದು ಅದರಿಂದಲೇ. ತಾಯಿಗೆ ಹಾಲಿಲ್ಲವೆಂದು ಆಕಳ ಹಾಲು ಕುಡಿಸಿದರೆ ಮರಿಗಳಿಗೆ ಭೇದಿ ಹತ್ತುತ್ತದೆ. ಆಕಳ ಹಾಲಿಗಿಂತ ನಾಯಿಯ ಹಾಲು ಬಹಳ ಗಟ್ಟಿ. ಜಿಡ್ಡೂ ಹೆಚ್ಚು, ಪ್ರೋಟೀನೂ ಹೆಚ್ಚು. ಎರಡನೆಯ ವಾರದಲ್ಲಿ ಕಣ್ಣು ಬಿಡುತ್ತವೆ. ಜಂತಿನ ಔಷಧಿಯೂ ಆಗಲೇ ಶುರುವಾಗಬೇಕು. ಆರರಿಂದ ಎಂಟು ವಾರದೊಳಗೆ ಪಾರ್ವೋ, ಡಿಸ್ಟೆಂಪರ್‌ಗಳ ಮೊದಲ ಲಸಿಕೆ, ಹದಿನಾರು ವಾರ ತುಂಬುವ ತನಕ ಮತ್ತೆ ಮತ್ತೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ತಿಂದ ನಮ್ಮ ತಲೆಮಾರಿಗೆ ಈ ಕೊನೆಯದರ ಮಹತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ.

ಇದೆಲ್ಲವನ್ನೂ ಲೆಕ್ಕ ಹಿಡಿದು ಕೂಡಿಸಿದವರು ಮರಿ ಮಾರಿ ಶ್ರೀಮಂತರಾಗುವ ಮಾತು ಬಿಡುತ್ತಾರೆ. ಲೆಕ್ಕ ಹಿಡಿಯದವರು ಮಾತ್ರ ಲಾಭದಲ್ಲಿರುತ್ತಾರೆ. ಅವರ ನಷ್ಟವನ್ನು ನಾಯಿ ತುಂಬಿಕೊಡುತ್ತದೆ.

ಮರಿಗಳಿಗೆ ಮನೆ ಹುಡುಕುವ ಅಧ್ಯಾಯ ಇನ್ನೂ ರಂಜಕವಾದದ್ದು. ನಾಯಿ ಬಸಿರಾದ ಸುದ್ದಿ ಹರಡುವಾಗ ಊರೆಲ್ಲ ನಂಟರೇ. "ನಮಗೊಂದು ತಗದಿಡ್ರಿ," "ನಮ್ಮ ಬೀಗರು ಬ್ಯಾಡಗಿಯಾಗ ಮೆಣಸಿನಕಾಯಿ ಗೋದಾಮು ಇಟ್ಟಾರ, ಅವರಿಗೊಂದು," "ನಮ್ಮ ತೋಟಕ್ಕ ಎರಡು ಬೇಕು, ಮೊದಲ ಹೇಳಿರ್ತೀನಿ." ಆಮೇಲೆ ದನಿ ಇಳಿಸಿ, "ಗಂಡಮರಿ ಆಗಬೇಕ ಮತ್ತ." ಎಲ್ಲರೂ ಕೇಳುವುದು ಗಂಡನ್ನೇ. ಹೆಣ್ಣು ತಂದರೆ ಬೆದೆಗೆ ಬರುತ್ತದೆ, ಊರ ನಾಯಿಗಳೆಲ್ಲ ಬಾಗಿಲಿಗೆ ಬರುತ್ತವೆ, ಮರಿ ಹಾಕುತ್ತದೆ, ಆ ಮರಿಗಳಿಗೆ ಮನೆ ಹುಡುಕಬೇಕು. ಈ ತಾಪತ್ರಯವೆಲ್ಲ ಅವರಿಗೆ ಗೊತ್ತು. ಗೊತ್ತಿಲ್ಲದವನಂತೆ ಇರುವವನು ಪಿಂಕಿಯ ಯಜಮಾನನೊಬ್ಬನೇ.

ಎಂಟು ಮರಿ ಹುಟ್ಟಿದವೆನ್ನಿ. ಐದು ಹೆಣ್ಣು, ಮೂರು ಗಂಡು. ಗಂಡು ಮೂರೂ ಕಣ್ಣು ಬಿಡುವ ಮೊದಲೇ ಹಂಚಿಹೋದವು. ಗೋದಾಮಿನ ಬೀಗರು ಫೋನ್ ಎತ್ತುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ಮರಿ ಸೀನಿ ಸೀನಿ ಸತ್ತೀತೆಂದು ಹೆದರಿದರೋ ಏನೋ. ತೋಟದವರು "ಹೆಣ್ಣ ಬ್ಯಾಡ್ರಿ" ಎಂದರು. ಐದು ಹೆಣ್ಣು ಮರಿಗಳು ಬೆಳೆಯುತ್ತ, ಚಪ್ಪಲಿ ಹರಿಯುತ್ತ, ಅಂಗಳವೆಲ್ಲ ಹೇಸಿಗೆ ಮಾಡುತ್ತ ಎರಡು ತಿಂಗಳಿನವಾದವು. ಮನೆಯವರ ಸಹನೆ ಮುಗಿಯಿತು. ಒಂದು ಬೆಳಗ್ಗೆ ಚೀಲ ತುಂಬಿ ಬೈಕಿನ ಮುಂದಿಟ್ಟುಕೊಂಡು ಹೋಗಿ ಹೆದ್ದಾರಿಯ ಢಾಬಾದ ಹಿಂದೆ ಬಿಟ್ಟು ಬಂದರು. "ಅಲ್ಲಿ ಊಟಕ್ಕ ಕಮ್ಮಿ ಇಲ್ರಿ" ಎಂಬುದು ಸಮಾಧಾನದ ಮಾತು. ಗುಡಿಯ ಮುಂದೆ ಬಿಟ್ಟವರು ದೇವರು ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ದೇವರಿಗೆ ಕೊಟ್ಟ ಹರಕೆಗಳಲ್ಲಿ ಇದೊಂದು ಹೊಸ ಬಗೆ.

ಅವುಗಳಲ್ಲಿ ಒಂದೆರಡು ಲಾರಿಯ ಕೆಳಗೆ ಹೋಗುತ್ತವೆ. ಉಳಿದವು ಹೊಟ್ಟೆಪಾಡಿಗೆ ಹಿಂಡು ಕಟ್ಟುತ್ತವೆ. ಕುರಿಹಟ್ಟಿಯ ಮರಿಗಳ ಮೇಲೆ ಬೀಳುತ್ತವೆ. ಕಾಡಿನಂಚಿಗೆ ಹೋದರೆ ಜಿಂಕೆಮರಿ. ಕೃಷ್ಣಮೃಗಗಳಿಗಾಗಿ 1974ರಲ್ಲೇ ಅಭಯಾರಣ್ಯ ಮಾಡಿದ ತಾಲ್ಲೂಕು ನಮ್ಮ ರಾಣೆಬೆನ್ನೂರು. ಅಂಥ ಕಡೆ ನಾವು ಚೀಲದಲ್ಲಿ ಬಿಟ್ಟು ಬಂದ ಪಿಂಕಿಯ ಮಕ್ಕಳು ಏನು ಮಾಡಿಯಾವು ಎಂದು ಯಾರು ಯೋಚಿಸುತ್ತಾರೆ? ಆಮೇಲೆ ಬೀದಿನಾಯಿಗಳ ಕಾಟವೆಂದು ಪಂಚಾಯಿತಿಗೆ ಅರ್ಜಿ ಬರೆಯುವವರೂ ನಾವೇ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ 2001ರಲ್ಲಿ ನಿಯಮ ಬಂತು, 2023ರಲ್ಲಿ ಅದನ್ನು ಹೊಸದಾಗಿ ಬರೆದರು. ಆ ನಿಯಮದ ಪ್ರಕಾರ ಹಿಡಿದು, ಆಪರೇಶನ್ ಮಾಡಿಸಿ, ಲಸಿಕೆ ಹಾಕಿ ಬಿಡುವ ಕೆಲಸ ಊರಾಡಳಿತದ್ದು. ಆದರೆ ಒಂದು ತುದಿಯಿಂದ ಊರಾಡಳಿತ ಆಪರೇಶನ್ ಮಾಡಿಸುತ್ತ ಹೋದರೆ ಇನ್ನೊಂದು ತುದಿಯಿಂದ ನಾವು ಚೀಲ ಬಿಚ್ಚುತ್ತ ಬರುತ್ತೇವೆ.

ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ಬರೆದ ದಂಡ ಹತ್ತು ರೂಪಾಯಿಂದ ಐವತ್ತು ರೂಪಾಯಿ. ಢಾಬಾದ ಹಿಂದೆ ಮರಿ ಬಿಟ್ಟವನು ಢಾಬಾದ ಮುಂದೆ ಕೂತು ಮಿರ್ಚಿ ತಿಂದು ಚಹಾ ಕುಡಿದರೆ ಅದಕ್ಕಿಂತ ಹೆಚ್ಚು ಬಿಲ್ಲು ಕಟ್ಟುತ್ತಾನೆ.

ಕಾಯ್ದೆ ಇಷ್ಟು ಅಗ್ಗವಾದರೆ ಧರ್ಮವಾದರೂ ಭಾರವಾಗಿರಬೇಕಲ್ಲ? ನಮ್ಮ ಪುರಾಣಗಳನ್ನು ತೆರೆದರೆ ಭಾರವಾಗಿಯೇ ಇದೆ. ಮಹಾಭಾರತದ ಕೊನೆಗೆ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದದ್ದು ಎಲ್ಲರಿಗೂ ಗೊತ್ತು. ಮಹಾಭಾರತದ ಬಾಗಿಲಲ್ಲೂ ಒಂದು ನಾಯಿ ಇರುವುದು ಹೆಚ್ಚು ಜನರ ನೆನಪಿನಲ್ಲಿಲ್ಲ. ಜನಮೇಜಯ ಕುರುಕ್ಷೇತ್ರದಲ್ಲಿ ಸತ್ರ ನಡೆಸುತ್ತಿದ್ದಾಗ ಒಂದು ನಾಯಿಮರಿ ಅಲ್ಲಿಗೆ ಬಂತು. ಅವನ ತಮ್ಮಂದಿರು ಹೊಡೆದು ಓಡಿಸಿದರು. ಮರಿ ಅಳುತ್ತ ತಾಯಿಯ ಹತ್ತಿರ ಹೋಯಿತು. ತಾಯಿ ಸರಮೆ, ದೇವಲೋಕದ ನಾಯಿ. ನೀನೇನೋ ತಪ್ಪು ಮಾಡಿರಬೇಕು ಎಂದಳು ಅವಳು, ಎಲ್ಲ ತಾಯಂದಿರ ಹಾಗೆ. ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ ಎಂದಿತು ಮರಿ. ಆಗ ಸರಮೆ ನೆಟ್ಟಗೆ ಯಜ್ಞಶಾಲೆಗೆ ಹೋಗಿ, ತಪ್ಪಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಳು. ಅಷ್ಟು ಜನ ರಾಜರು, ಋಷಿಗಳು. ಒಬ್ಬರ ಬಾಯಲ್ಲೂ ಉತ್ತರವಿಲ್ಲ. ಸರಮೆ ಶಾಪ ಕೊಟ್ಟಳು, ಜನಮೇಜಯ ಆ ಶಾಪ ಕಳೆಯಬಲ್ಲ ಪುರೋಹಿತನನ್ನು ಹುಡುಕಿಕೊಂಡು ಅಲೆದ. ಢಾಬಾದ ಹಿಂದೆ ಚೀಲ ಬಿಚ್ಚುವವರ ಮನೆ ಬಾಗಿಲಿಗೆ ಪಿಂಕಿ ಬಂದು ಹೀಗೆ ಕೇಳಲಾರಳು. ಮೂರು ದಿನ ಮನೆಯೆಲ್ಲ ಮೂಸಿ ನೋಡಿ, ಊಟ ಬಿಟ್ಟು, ನಾಲ್ಕನೆಯ ದಿನ ಮತ್ತೆ ಬಾಲ ಅಲ್ಲಾಡಿಸುತ್ತಾಳೆ.

ಪುರಾಣ ಬೇಡ, ಇತಿಹಾಸ ಬೇಕು ಎನ್ನುವವರಿಗೆ ಆತಕೂರಿನ ಶಾಸನವಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಸಿಕ್ಕ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಕಡೆ ನಿಂತ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಬಂಟನಿಗೆ ಒಡೆಯ, ಬೇಕಾದ್ದು ಕೇಳು ಎಂದ. ಊರು ಕೇಳಬಹುದಿತ್ತು, ಆನೆ ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೊಂದು ದಿನ ಬೆಳ್ತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಅಲ್ಲಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಿದ. ನಾಯಿ ಬದುಕಿದ್ದಾಗ ಅನ್ನ ಹಾಕುವುದು ದೊಡ್ಡದಲ್ಲ. ಸತ್ತ ಮೇಲೂ ಅದರ ಹೆಸರಿಗೆ ಒಬ್ಬರನ್ನು ಹೊಣೆ ಮಾಡಿಟ್ಟ ಆಸಾಮಿ ಅವನು.

ಗೊರವ ಎಂದ ಕೂಡಲೇ ನಮ್ಮ ಸೀಮೆಯವರಿಗೆ ಕಣ್ಣ ಮುಂದೆ ಬರುವುದು ಮೈಲಾರ, ದೇವರಗುಡ್ಡ. ಹೊಳೆಯ ಆಚೆ ಮೈಲಾರ, ಈಚೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ; ಎರಡೂ ಕಡೆ ಮಾಲತೇಶನ ಗೊರವಪ್ಪಗಳು ಕರಿ ಕಂಬಳಿ ಹೊದ್ದು, ಡಮರು ಬಾರಿಸುತ್ತ, ದೇವರ ನಾಯಿಗಳೆಂದು ತಮ್ಮನ್ನು ಕರೆದುಕೊಂಡು ಬೊಗಳುತ್ತಾರೆ; ದೋಣಿ ಸೇವೆಯಲ್ಲಿ ದೋಣಿಯೆಂಬ ಪಾತ್ರೆಗೆ ಬಾಯಿಹಚ್ಚಿ ಪೈಪೋಟಿಯ ಮೇಲೆ ಉಣ್ಣುತ್ತಾರೆ. ಭಕ್ತರು ಅವರ ದೋಣಿಗೆ ಹಾಲು, ತುಪ್ಪ, ಬಾಳೆಹಣ್ಣು ಸುರಿದು ಕೈಮುಗಿಯುತ್ತಾರೆ. ದೇವರ ಅಂಗಳದಲ್ಲಿ ನಾಯಿಯಾಗುವುದು ಹೆಚ್ಚಿನ ಪದವಿ, ನಮ್ಮ ಅಂಗಳದಲ್ಲಿ ನಾಯಿಪಾಡು.

ನಾಯಿ ತಳಿ ಬೆಳೆಸುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋದರೆ ಮನೆಮನೆಗಳಲ್ಲಿ ನಾಯಿ ಸಾಕಿ ಮರಿ ಮಾಡುವವರು ಕಾಣುತ್ತಾರೆ. ಉದ್ದ ಮೂತಿ, ಒಳಸೇರಿದ ಹೊಟ್ಟೆ, ಬಾಣದಂಥ ಓಟ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಇಂಥದೊಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಉಡುಗೊರೆ ಕೊಟ್ಟ ಮೇಲೆ ಊರ ಹೆಸರೇ ನಾಯಿಗೂ ನಿಂತಿತು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿ ತಂದಿತು; ಸೈನ್ಯದವರು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಲ್ಲಿಯ ಹಳೆಯ ಸಾಕಣೆದಾರನನ್ನು ಮಾತಾಡಿಸಿದರೆ ಯಾವ ಹೆಣ್ಣಿಗೆ ಯಾವ ಗಂಡು, ಅದರ ಅಜ್ಜ ಎಂಥ ಓಟಗಾರ ಎಂದು ಹೇಳಿಯಾನು; ನಮ್ಮ ಹೋರಿ ರೈತ ಎಲೆ ಅಡಿಕೆ ಹಾಕಿಕೊಂಡು ಕೇಳುವ ಪ್ರಶ್ನೆಗೆ ಬೇಕಾದ್ದು ಇದೇ ಉತ್ತರ. ಮರಿ ಹುಟ್ಟಿಸುವುದಕ್ಕೆ ಬೇಕಾದ ಅರ್ಹತೆ ಆ ಜ್ಞಾನ. ಒಂದು ಹೆಣ್ಣು ನಾಯಿಯೂ ಒಂದು ಖಾಲಿ ಕೋಣೆಯೂ ಇದ್ದರೆ ಅರ್ಹತೆ ಬಂದಂತಲ್ಲ.

2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸುವವರಿಗೆ, ಮಾರುವವರಿಗೆ ನಿಯಮ ಮಾಡಿತು. ಮಾರಾಟಕ್ಕಾಗಿ ಮರಿ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ತುಂಬಿರಬೇಕು. ಎಂಟು ವರ್ಷ ದಾಟಿರಬಾರದು. ಅದರ ಆಯುಷ್ಯದಲ್ಲಿ ಐದು ಸೂಲಿಗಿಂತ ಹೆಚ್ಚಾಗಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚಂತೂ ಕೂಡದು. ತಾಯಿ ಮಗ, ಅಣ್ಣ ತಂಗಿ ಇಂಥ ಹತ್ತಿರದ ಸಂಬಂಧದಲ್ಲಿ ಕೂಡಿಸಬಾರದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಈ ಕಡೆಯ ನಿಯಮದ ಮೇಲೆ ನಮ್ಮ ಜನಕ್ಕೆ ಬಹಳ ಸಿಟ್ಟು. "ಸಣ್ಣಾಗಿದ್ದಾಗ ತಂದ್ರ ಹೊಂದಿಕೋತಾವ್ರಿ" ಎಂದು ತಿಂಗಳು ತುಂಬುವ ಮೊದಲೇ ಬುಟ್ಟಿ ಹಿಡಿದು ಬರುತ್ತಾರೆ. ಆದರೆ ಮರಿ ಮರಿಗಳು ಕಚ್ಚಾಡುವ ಆ ಎಂಟು ವಾರವೇ ಅವುಗಳ ಶಾಲೆ. ಎಷ್ಟು ಜೋರಾಗಿ ಕಚ್ಚಿದರೆ ತಮ್ಮ ಕುಂಯ್ ಎನ್ನುತ್ತಾನೆ, ಎಷ್ಟಕ್ಕೆ ತಾಯಿ ಗುರ್ ಎನ್ನುತ್ತಾಳೆ ಎಂಬ ಪಾಠ ಅಲ್ಲೇ ಆಗಬೇಕು. ಅದು ತಪ್ಪಿದ ಮರಿ ಮುಂದೆ ಪಾಠ ಕಲಿಯುವುದು ನಿಮ್ಮ ಮೊಮ್ಮಗನ ಕೈಮೇಲೆ.

ನಿಯಮ ಹೇಳದ ಒಂದು ಮಾತನ್ನು ನಾನು ಸೇರಿಸುತ್ತೇನೆ. ನಮ್ಮ ಊರಿನ ದೇವರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ಕನ್ನಡಿಗರು ಗಳಗನಾಥರೆಂದು ಕರೆಯುವ ಕಾದಂಬರಿಕಾರರು, ತಾವು ಬರೆದ ಪುಸ್ತಕಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿದವರು. ಬರೆದದ್ದು ಮುಗಿಯಿತು, ಇನ್ನು ಅದರ ಹಣೆಬರಹ ಎಂದು ಕೈತೊಳೆದುಕೊಳ್ಳಲಿಲ್ಲ. ಓದುವ ಮನೆ ಯಾವುದೆಂದು ನೋಡಿ ಕೊಟ್ಟರು. ನಾಯಿಗೆ ಮರಿ ಹಾಕಿಸುವವರಿಗೆ ಅಷ್ಟು ನಡೆಯುವ ಶಕ್ತಿ ಇಲ್ಲದಿದ್ದರೆ ಬೇಡ, ಮರಿ ಹೋಗುವ ಮನೆಯ ಗೇಟಿನವರೆಗಾದರೂ ಹೋಗಿ ಬರಲಿ. ಅಲ್ಲಿ ನೆರಳಿದೆಯೋ, ಇಡೀ ದಿನ ಸರಪಳಿಯೋ, ಮನೆಯ ಹೆಣ್ಣುಮಕ್ಕಳಿಗೆ ನಾಯಿ ಇಷ್ಟವೋ ಕಷ್ಟವೋ ಕಣ್ಣಾರೆ ಕಾಣುತ್ತದೆ. ಮನೆಯವ್ವ ಒಲ್ಲೆನೆಂದ ಮನೆಯಲ್ಲಿ ನಾಯಿ ಎಂಟು ದಿನವೂ ನಿಲ್ಲುವುದಿಲ್ಲ, ಯಜಮಾನ ಎಷ್ಟೇ ಮೀಸೆ ತಿರುವಿದರೂ.

ಕೊಟ್ಟ ಮೇಲೂ ಮುಗಿಯಲಿಲ್ಲ. ಕೆಲಸ ಬೆಂಗಳೂರಿಗೆ ವರ್ಗವಾಗುತ್ತದೆ, ಬಾಡಿಗೆ ಮನೆಯ ಮಾಲೀಕ ನಾಯಿ ಬೇಡವೆನ್ನುತ್ತಾನೆ, ಸೊಸೆಗೆ ದಮ್ಮು ಬರುತ್ತದೆ. ಮರಿ ಒಯ್ದವನು ಒಂದು ದಿನ ನಾಯಿಯನ್ನು ಕರೆದುಕೊಂಡು ನಿಮ್ಮ ಅಂಗಳದಲ್ಲಿ ನಿಲ್ಲಬಹುದು. ನಿಲ್ಲಬೇಕು. ಢಾಬಾದ ಹಿಂದೆ ಹೋಗುವ ಬದಲು ಅವನು ಇಲ್ಲಿಗೆ ಬರಲು ನಾಚದಂತೆ ಕೊಡುವ ದಿನವೇ ಮಾತಾಗಿರಬೇಕು. ಉತ್ತರ ಕರ್ನಾಟಕದಲ್ಲಿ ಮಗಳನ್ನು ಕೊಟ್ಟ ಮೇಲೂ ತವರಮನಿಯ ಕದ ಮುಚ್ಚುವುದಿಲ್ಲ. ಗಂಡನ ಮನೆಯಲ್ಲಿ ಬಾಳಿದರೆ ಹಬ್ಬಕ್ಕೆ ಬರುತ್ತಾಳೆ, ಬಾಳದಿದ್ದರೆ ಗಂಟು ಹಿಡಿದುಕೊಂಡೇ ಬರುತ್ತಾಳೆ, ಅಣ್ಣನಾದವನು ಒಳಗೆ ಬಾ ಎನ್ನಲೇಬೇಕು. ಮರಿಗಳಿಗೂ ಅಂಥ ಒಂದು ಮನೆ ಹುಟ್ಟುವ ಮೊದಲೇ ಗೊತ್ತಾಗಿರಬೇಕು. ಹತ್ತು ವರ್ಷ, ಹನ್ನೆರಡು ವರ್ಷ, ಎಂಟು ಮರಿಗಳಿಗೂ. ಆ ಕದ ತೆರೆದಿಡಲು ಒಪ್ಪುವವರು ಕ್ರಾಸ್ ಮಾಡಿಸುವ ಮಾತಾಡಲಿ. ನಾನೇ ಗಂಡು ಹುಡುಕಿಕೊಡುತ್ತೇನೆ.

ಈಚೆಗೆ ಇದನ್ನೆಲ್ಲ ಪಿಂಕಿಯ ಯಜಮಾನನಿಗೆ ಹೇಳಿದೆ. ಅವನು ಬಹಳ ಹೊತ್ತು ತಲೆ ಕೆರೆದುಕೊಂಡ.

"ಮಾಸ್ತರ, ಎಂಟೂ ತಿರುಗಿ ಬಂದ್ರ ನಾ ಎಲ್ಲಿ ಮಲಗ್ಲಿ?"

"ಅದನ್ನ ಕೂಡಸೂಕಿಂತ ಮೊದಲ ಕೇಳಬೇಕಪಾ."

"ಆಪರೇಶನ್ನಿಗೆ ಎಷ್ಟ ಆಗ್ತದ್ರಿ ಹಂಗಾರ?"

ದನದ ದವಾಖಾನಿಯ ಡಾಕ್ಟರರ ಫೋನ್ ನಂಬರು ಕೊಟ್ಟು ಕಳಿಸಿದ್ದೇನೆ.